ಅಜ್ಜನ ವೇಷಕ್ಕೊಂದು ಪುಟ್ಟ ಸರ್ವರ್

ಐದನೇ ಸೆಮಿಸ್ಟರಿನ ಇಂಟರ್ನಲ್ಸಿಗೆ ನಾವು ಇಷ್ಟು ಓದಿದ್ದರೆ ಮೂರೂ ಜನಕ್ಕೆ ಒಂಬತ್ತರ ಮೇಲೆ ಸಿಜಿಪಿಎ ಬರ್ತಿತ್ತೇನೋ. ಆದರೆ ನಾವು ಓದಿದ್ದು ಪ್ರೊಸೆಸರುಗಳ ಬಗ್ಗೆ. ಅದೂ ಹಾಸ್ಟೆಲ್ ರೂಮಿನ ಒಂದೇ ಮಂಚದ ಮೇಲೆ ಕೂತು, ರಾತ್ರಿ ಎರಡರ ತನಕ.

ವಿಷಯ ಇಷ್ಟೇ. ನಮ್ಮ ಮೂವರಲ್ಲಿ ಒಬ್ಬನ ಮನೆ ಶಿರಸಿ ಹತ್ತಿರದ ಹಳ್ಳಿ. ಅವನ ಅಜ್ಜ ತೋಟದ ಕೆಲಸದ ನಡುವೆ ಯಕ್ಷಗಾನದಲ್ಲಿ ವೇಷ ಮಾಡುತ್ತಿದ್ದವರು. ಆ ಆಟಗಳನ್ನು ಅವನ ಚಿಕ್ಕಪ್ಪ ಮಿನಿ ಡಿವಿ ಕ್ಯಾಮೆರಾದಲ್ಲಿ ಹಿಡಿದಿದ್ದರು. ಒಟ್ಟು ಅರವತ್ತು ಕ್ಯಾಸೆಟ್ಟು, ಒಂದೊಂದೂ ಒಂದು ಗಂಟೆಯದು. ಮುಂದೆ ಅವನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿದರು. ಅಟ್ಟಕ್ಕೆ ಹೋದ ಕ್ಯಾಸೆಟ್ಟುಗಳು ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದು ಗುಜರಿಗೆ ಹೋದವು. ಅಜ್ಜ ತೀರಿಕೊಂಡು ಈಗ ಎರಡು ವರ್ಷ. ಅಜ್ಜಿಗೆ ಅಜ್ಜನ ವೇಷ ನೋಡಬೇಕು ಅನಿಸಿದರೆ, ಟಿವಿಗೆ ಡಿಸ್ಕ್ ಸಿಕ್ಕಿಸಿದರೂ ಅದು ಆ ಫೈಲುಗಳನ್ನು ತೆರೆಯುವುದೇ ಇಲ್ಲ. ಲ್ಯಾಪ್‌ಟಾಪ್ ಹೊತ್ತು ಮೊಮ್ಮಗ ರಜೆಗೆ ಬಂದರೆ ಮಾತ್ರ ಆಟ.

"ಮನೇಲೇ ಒಂದು ಮೀಡಿಯಾ ಸರ್ವರ್ ಮಾಡಿಟ್ಟರೆ ಹೇಗೆ?" ಅಂದ. ನಮಗೂ ಅಷ್ಟೇ ಬೇಕಿತ್ತು. ಟಿವಿ ಹಿಂದೆ ಕೂರುವಷ್ಟು ಸಣ್ಣ ಪೆಟ್ಟಿಗೆ, ವಿಡಿಯೋ ಎಲ್ಲ ಅದರೊಳಗೆ. ಅದರ ಮೇಲೆ ಜೆಲ್ಲಿಫಿನ್ ಎಂಬ ಸಾಫ್ಟ್‌ವೇರ್. 2018ರ ಕೊನೆಗೆ ಎಂಬಿ ಅನ್ನುವ ಪ್ರಾಜೆಕ್ಟಿನಿಂದ ಕವಲೊಡೆದದ್ದು, ಪೂರ್ತಿ ಉಚಿತ, ಸೋರ್ಸ್ ಕೋಡ್ ಕೂಡ ಮುಕ್ತ. ಟಿವಿಯಲ್ಲಿ ಆ್ಯಪ್ ತೆರೆದು ರಿಮೋಟ್ ಒತ್ತಿದರೆ ಆಯ್ತು. ಟಿವಿಗೆ ಅರ್ಥವಾಗದ ಫೈಲನ್ನು ಸರ್ವರೇ ಆ ಕ್ಷಣಕ್ಕೆ ಬೇರೆ ರೂಪಕ್ಕೆ ತಿರುಗಿಸಿ ಕಳಿಸುತ್ತದೆ. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಅಂತಾರೆ. ನಮ್ಮ ಜಗಳ ಶುರುವಾಗಿದ್ದೇ ಇಲ್ಲಿಂದ.

ಬಜೆಟ್ 25 ಸಾವಿರ. ಮೊದಲ ಐಡಿಯಾ, ಹಳೇ ಡೆಸ್ಕ್‌ಟಾಪ್ ಒಂದನ್ನು ತಂದಿಡೋದು. ದುಡ್ಡು ಉಳಿಯುತ್ತದೆ ನಿಜ, ಆದರೆ ಸರ್ವರ್ ಅಂದಮೇಲೆ ದಿನದ 24 ಗಂಟೆಯೂ ಓಡಬೇಕು. ವರ್ಷಕ್ಕೆ 8,760 ಗಂಟೆ. ಸುಮ್ಮನೆ ಕೂತಾಗಲೂ 60 ವ್ಯಾಟ್ ತಿನ್ನುವ ಡಬ್ಬ ವರ್ಷಕ್ಕೆ 525 ಯೂನಿಟ್ ಎಳೆಯುತ್ತದೆ. 10 ವ್ಯಾಟಿನ ಪೆಟ್ಟಿಗೆಯಾದರೆ 88 ಯೂನಿಟ್ಟಿಗೆ ಮುಗಿಯಿತು. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ ಎರಡೂವರೆ ಸಾವಿರದ ವ್ಯತ್ಯಾಸ. ಜೊತೆಗೆ ಫ್ಯಾನ್ ಸದ್ದು, ಕ್ಯಾಬಿನೆಟ್ಟಿನೊಳಗೆ ಸಂಸಾರ ಹೂಡುವ ಹಲ್ಲಿ. ಬೇಡ ಅಂದೆವು.

ಎರಡನೆಯದು ರಾಸ್‌ಬೆರಿ ಪೈ. ನಮ್ಮಲ್ಲೊಬ್ಬ ಪೈ ಭಕ್ತ, ಮಿನಿ ಪ್ರಾಜೆಕ್ಟನ್ನೂ ಅದರಲ್ಲೇ ಮಾಡಿದವನು. ಕರೆಂಟ್ ಖರ್ಚು ಕಮ್ಮಿ, ಗಾತ್ರ ಅಂಗೈಯಷ್ಟು. ಡಿವಿ ಫೈಲುಗಳು 720×576ರ ಚಿತ್ರ, ಅವನ್ನು ಪೈ ನಿಭಾಯಿಸುತ್ತದೆ. ತೊಂದರೆ ಇದ್ದದ್ದು ಮನೆಯವರ ಮೊಬೈಲ್ ವಿಡಿಯೋಗಳಲ್ಲಿ. ಮದುವೆ, ಉಪನಯನ ಎಲ್ಲವೂ 4ಕೆ, ಎಚ್‌ಇವಿಸಿ. ಟಿವಿ ಹಳೇದು, ಫುಲ್ ಎಚ್‌ಡಿ. ಪೈ 5ರಲ್ಲಿ ಎಚ್‌ಇವಿಸಿ ಬಿಡಿಸುವ ಹಾರ್ಡ್‌ವೇರ್ ಇದೆ, ಆದರೆ ಮತ್ತೆ ಬೇರೆ ರೂಪಕ್ಕೆ ಕಟ್ಟುವ ಎನ್‌ಕೋಡರ್ ಹಾರ್ಡ್‌ವೇರ್ ಇಲ್ಲ. ಪೂರ್ತಿ ಭಾರ ಸಿಪಿಯು ಮೇಲೆ ಬಿದ್ದು ವಿಡಿಯೋ ತಡವರಿಸುತ್ತದೆ. ಭಕ್ತ ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ.

ಉಳಿದದ್ದು ಮಿನಿ ಪಿಸಿ. ಇಂಟೆಲ್ ಚಿಪ್ಪುಗಳಲ್ಲಿ ಕ್ವಿಕ್ ಸಿಂಕ್ ಅಂತ ಒಂದು ಭಾಗವಿದೆ, ವಿಡಿಯೋ ಬಿಡಿಸಿ ಕಟ್ಟುವುದಷ್ಟೇ ಅದರ ಕೆಲಸ. ಗ್ರಾಫಿಕ್ಸ್ ಕಾರ್ಡ್ ಬೇಕಾಗಲ್ಲ. ಎಸ್‌ಪಿ ರೋಡಿನಲ್ಲಿ ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಗಳನ್ನು ಅರ್ಧ ದಿನ ನೋಡಿದೆವು. ಅಲ್ಲಿ ಕಲಿತದ್ದು: ಐ5, ಐ7 ಅನ್ನೋ ಸ್ಟಿಕ್ಕರಿಗಿಂತ ಎಷ್ಟನೇ ತಲೆಮಾರು ಅನ್ನೋದೇ ಮುಖ್ಯ. 10 ಬಿಟ್ ಎಚ್‌ಇವಿಸಿಯನ್ನು ಹಾರ್ಡ್‌ವೇರಿನಲ್ಲೇ ಸಲೀಸಾಗಿ ಮಾಡುವುದು ಏಳನೇ ತಲೆಮಾರಿನಿಂದ ಈಚೆಗೆ. ಆರನೆಯದರ ಐ7 ಅಗ್ಗಕ್ಕೆ ಸಿಗುತ್ತಿತ್ತು, ಕೈಬಿಟ್ಟೆವು. ಕೊನೆಗೆ ಇಂಟೆಲ್ ಎನ್100 ಇರುವ ಹೊಸ ಪೆಟ್ಟಿಗೆ ತಗೊಂಡೆವು. 2023ರಲ್ಲಿ ಬಂದ ಚಿಪ್, ನಾಲ್ಕು ಕೋರ್, ಟಿಡಿಪಿ 6 ವ್ಯಾಟ್. ರ್‍ಯಾಮ್ 8 ಜಿಬಿ ಸಾಕಿತ್ತು. "ಇರಲಿ ಬಿಡು" ಅಂತ 16ಕ್ಕೆ ಏರಿಸಿದೆವು. ಒಳಗೆ 2 ಟಿಬಿಯ ಒಂದು ಡಿಸ್ಕ್. ಎರಡನೇ ಡಿಸ್ಕಿಗೆ ದುಡ್ಡು ಉಳಿಯಲಿಲ್ಲ. "ಬ್ಯಾಕಪ್ ಮುಂದಿನ ಸೆಮಿಸ್ಟರಿಗೆ ನೋಡೋಣ ಮಾರಾಯ" ಅಂದುಕೊಂಡೆವು. ಪ್ರೊಸೆಸರಿಗೆ ಮೂರು ವಾರ ತಲೆ ಕೆಡಿಸಿಕೊಂಡಿದ್ದ ನಾವು ಡಿಸ್ಕಿನ ವಿಷಯ ಮುಗಿಸಿದ್ದು ಐದು ನಿಮಿಷದಲ್ಲಿ.

ದಸರಾ ರಜೆಗೆ ಮೂವರೂ ಶಿರಸಿ ಬಸ್ಸು ಹತ್ತಿದೆವು. ಊಟ ಮುಗಿಸಿ, ಕಪಾಟಿನಿಂದ ಹಳೇ ಡಿಸ್ಕ್ ತೆಗೆದು ಸಿಕ್ಕಿಸಿದೆವು. ಟಿಕ್, ಟಿಕ್, ಟಿಕ್. ಮೆಕ್ಯಾನಿಕಲ್ ಬ್ರಾಂಚಿನವ ಬೇಕಾಗಿರಲಿಲ್ಲ, ಆ ಸದ್ದಿನ ಅರ್ಥ ನಮಗೇ ಗೊತ್ತಾಯಿತು. ಸ್ಮಾರ್ಟ್ ರಿಪೋರ್ಟ್ ತೆಗೆದರೆ ಓದಲಾಗದ ಸೆಕ್ಟರುಗಳ ಸಂಖ್ಯೆ ನೋಡನೋಡುತ್ತಲೇ ಏರುತ್ತಿತ್ತು. ಸಾಮಾನ್ಯ ಕಾಪಿ ಮಾಡಿದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಉಜ್ಜಿ ಡಿಸ್ಕ್ ಪೂರ್ತಿ ಸಾಯುತ್ತದೆ. ಡಿಡಿರೆಸ್ಕ್ಯೂ ಹಾಕಿದೆವು. ಅದು ಮೊದಲು ಚೆನ್ನಾಗಿರುವ ಭಾಗವನ್ನು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಬರುತ್ತದೆ. ಡಿವಿ ಒಂದು ಗಂಟೆಗೆ ಸುಮಾರು 13 ಜಿಬಿ. ಅರವತ್ತು ಗಂಟೆಗೆ 780 ಜಿಬಿ. ಮೂರು ಹಗಲು, ಮೂರು ರಾತ್ರಿ ಸರದಿಯಲ್ಲಿ ಕಾದೆವು. ಅಜ್ಜಿ ಆಗಾಗ ಬಂದು ನೋಡಿ, ಏನೂ ಕೇಳದೆ ಕಷಾಯ ಕೊಟ್ಟು ಹೋಗುತ್ತಿದ್ದರು.

52 ಕ್ಯಾಸೆಟ್ಟು ಪೂರ್ತಿ ಬಂದವು. ಐದರಲ್ಲಿ ಅಲ್ಲಲ್ಲಿ ಚಿತ್ರ ಒಡೆದಿದೆ. ಮೂರು ಬರಲೇ ಇಲ್ಲ.

ಅವತ್ತು ಸಂಜೆ ಅಜ್ಜಿ ಕೇಳಿದ್ದು "ಗದಾಯುದ್ಧ". ಅಜ್ಜನದು ಕೌರವ. ಟಿವಿಯಲ್ಲಿ ಚೆಂಡೆ ಸದ್ದು ಬಂದದ್ದೇ ಅಕ್ಕಪಕ್ಕದ ಮನೆಯವರೂ ಬಂದು ಜಗಲಿ ತುಂಬಿತು. ಸರ್ವರ್ ಒಂದು ಸಲವೂ ತಡವರಿಸಲಿಲ್ಲ. ಕೌರವ ಸರೋವರದಿಂದ ಎದ್ದು ಬರುವ ಹೊತ್ತಿಗೆ ಫೈಲ್ ಮುಗಿಯಿತು. ಮುಂದಿನದು ಆ ಮೂರರಲ್ಲಿ ಒಂದು.

"ಮುಂದಿಂದು ಹಾಕು ತಮಾ" ಅಂದರು ಅಜ್ಜಿ.

ನಮ್ಮ ಹತ್ತಿರ 16 ಜಿಬಿ ರ್‍ಯಾಮ್ ಇತ್ತು, ಉತ್ತರ ಇರಲಿಲ್ಲ. ಮೂರು ವಾರ ಮೊದಲೇ ಯಾರಾದರೂ ಒಬ್ಬರು ಬಂದು ಆ ಡಿಸ್ಕನ್ನು ಕಾಪಿ ಮಾಡಿಕೊಂಡಿದ್ದರೆ ಅದು ಸಿಗುತ್ತಿತ್ತೋ ಏನೋ, ಗೊತ್ತಿಲ್ಲ. ಆದರೆ ಆ ಮೂರು ವಾರ ನಾವು ಏನು ಮಾಡುತ್ತಿದ್ದೆವು ಅನ್ನೋದು ಚೆನ್ನಾಗಿ ಗೊತ್ತು.

ಮರುದಿನವೇ ಶಿರಸಿ ಪೇಟೆಗೆ ಹೋಗಿ ಮೂವರೂ ಸೇರಿ ಇನ್ನೊಂದು 2 ಟಿಬಿ ಡಿಸ್ಕ್ ತಂದೆವು. ರೇಡ್ ಮಾಡಲಿಲ್ಲ. ರೇಡಿನಲ್ಲಿ ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ, ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಬೇರೆ ಕಾಪಿ ಮಾಡಿ ಚಿಕ್ಕಪ್ಪನ ಮನೆಗೆ ಕೊಟ್ಟೆವು. ಮೂರನೇ ಕಾಪಿ ನಮ್ಮ ಹಾಸ್ಟೆಲ್ ಕಪಾಟಿನಲ್ಲಿದೆ. ಪೆಟ್ಟಿಗೆಯನ್ನು ಇನ್ವರ್ಟರ್ ಲೈನಿಗೆ ಹಾಕಿದ್ದೇವೆ. ಅದೂ ಖಾಲಿಯಾಗಿ ನಿಂತರೆ ಕರೆಂಟ್ ಬಂದಾಗ ತಾನೇ ಆನ್ ಆಗುವಂತೆ ಬಯಾಸಿನಲ್ಲಿ ಸೆಟ್ಟಿಂಗ್ ಮಾಡಿದ್ದೇವೆ. ಅಜ್ಜಿ ಯಾವ ಸ್ವಿಚ್ಚನ್ನೂ ಒತ್ತಬೇಕಿಲ್ಲ.

ನೀವೂ ಇಂಥದ್ದೊಂದು ಕಟ್ಟುವುದಿದ್ದರೆ ನಮ್ಮ ಕ್ರಮವನ್ನು ತಿರುಗಿಸಿ. ಮೊದಲು ಮನೆಯ ಹಳೇ ಡಿಸ್ಕಿಗೆ ಎರಡು ಕಾಪಿ, ಅದರಲ್ಲಿ ಒಂದು ಬೇರೆ ಊರಲ್ಲಿ. ಆಮೇಲೆ ನಿಮ್ಮ ಫೈಲುಗಳು ಯಾವ ರೂಪದಲ್ಲಿವೆ, ಟಿವಿ ಯಾವುದನ್ನು ತೆರೆಯುತ್ತದೆ ಅಂತ ನೋಡಿ. ಪ್ರೊಸೆಸರ್ ಯಾವುದು ಅನ್ನೋ ಜಗಳ ಕೊನೆಗೆ. ಅದನ್ನು ರಾತ್ರಿ ಎರಡರ ತನಕ ಆರಾಮಾಗಿ ಆಡಬಹುದು, ಏನೂ ಕಳೆದುಹೋಗಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಕಪಾಟು ಒಮ್ಮೆ ತೆಗೆದು ನೋಡಿ.