ಗ್ರೀಕರನ್ನು ಓದಲು ಒಂದು ದಂಡೆ

ಅಕ್ಕನ ಮಗಳು ಕೆ-ಸೆಟ್ ಪರೀಕ್ಷೆಗೆ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಳೆ. ಷೇಕ್ಸ್‌ಪಿಯರ್‌ನ ಬೆನ್ನ ಹಿಂದೆ ಹೋಮರ್, ಈಸ್ಕಿಲಸ್, ಸೊಫೋಕ್ಲಿಸ್, ಯೂರಿಪಿಡೀಸ್, ವರ್ಜಿಲ್, ಹೊರೇಸ್, ಓವಿಡ್ ಎಂದು ದೊಡ್ಡ ದಂಡೇ ನಿಂತಿದೆ. ಗೈಡಿನಲ್ಲಿ ಈಚೆ ಕೃತಿ, ಆಚೆ ಕರ್ತೃ, ಹೊಂದಿಸಿ ಬರೆಯಿರಿ. ಇಷ್ಟೇ ಆದರೆ ಆ ಮಹಾನುಭಾವರು ಟೆಲಿಫೋನ್ ಡೈರೆಕ್ಟರಿಯ ಹೆಸರುಗಳಾಗಿಬಿಡುತ್ತಾರಲ್ಲ ಎಂಬ ಸಂಕಟ ನನ್ನದು. ಗೋಕರ್ಣಕ್ಕೆ ಹೋದ ದಿನ ಓಂ ಬೀಚಿಗೂ ಇಳಿದೆವು. ಎರಡು ಕಮಾನಿನಂತೆ ಬಾಗಿದ ಮರಳು, ನಡುವೆ ಕಡಲಿಗೆ ಚಾಚಿದ ಕಪ್ಪು ಬಂಡೆ. ಅದರ ಮೇಲೆ ಕುಳಿತು ಅವಳು ಗೈಡು ಬಿಚ್ಚಿದಳು.

“ಮಾವಾ, ಈ ಮೂರು ನಾಟಕಕಾರರು ಒಬ್ಬರೊಳಗೊಬ್ಬರು ಕಲಸಿಹೋಗ್ತಾರೆ. ಯಾರು ಮೊದಲು, ಯಾರು ಆಮೇಲೆ?”

ಕ್ರಿ.ಪೂ. 480, ಸಲಾಮಿಸ್ ಎಂದೆ. ಪರ್ಷಿಯದ ನೌಕಾಪಡೆಯನ್ನು ಗ್ರೀಕರು ಕಡಲಲ್ಲಿ ಮುರಿದ ವರ್ಷ. ಆ ಯುದ್ಧದಲ್ಲಿ ಈಸ್ಕಿಲಸ್ ಹೋರಾಡಿದ, ಗೆಲುವಿನ ಹಬ್ಬದಲ್ಲಿ ಹುಡುಗ ಸೊಫೋಕ್ಲಿಸ್ ಕುಣಿದ, ಯೂರಿಪಿಡೀಸ್ ಅಂದೇ ಹುಟ್ಟಿದ ಎಂದು ಹಳಬರು ಹೇಳುತ್ತಾರೆ. ಮೂರನೆಯದು ಕಟ್ಟುಕತೆಯೇ ಇರಬಹುದು, ಆದರೆ ಮೂವರ ವಯಸ್ಸಿನ ಅಂತರ ಇನ್ನು ಮರೆಯುವುದಿಲ್ಲ. ಎಂಟು ವರ್ಷದ ನಂತರ ಈಸ್ಕಿಲಸ್ ಅದೇ ಯುದ್ಧದ ಮೇಲೆ ‘ಪಾರಸಿಕರು’ ಬರೆದ. ಗೆದ್ದ ಊರಿನ ಕವಿ ರಂಗದ ಮೇಲೆ ತಂದದ್ದು ಸೋತವರ ಅರಮನೆಯನ್ನು; ಮಗನ ಸೋಲಿನ ಸುದ್ದಿ ಕೇಳುವ ತಾಯಿಯನ್ನು. ಶತ್ರುವಿನ ದುಃಖವನ್ನು ತನ್ನವರ ಮುಂದೆ ಹಾಗೆ ಆಡಿತೋರಿಸಿದ್ದು ನನಗೆ ಇಂದಿಗೂ ದೊಡ್ಡ ಸಂಗತಿ. ಈ ನಾಟಕವನ್ನು ಬಿ.ಎಂ.ಶ್ರೀಯವರು 1935ರಲ್ಲೇ ಕನ್ನಡಕ್ಕೆ ತಂದರು.

ಅದಕ್ಕೂ ಮೊದಲು, 1929ರಲ್ಲಿ, ಅವರು ‘ಅಶ್ವತ್ಥಾಮನ್’ ಬರೆದಿದ್ದರು. ಅದರ ಹಿಂದಿರುವುದು ಸೊಫೋಕ್ಲಿಸ್‌ನ ‘ಅಜಾಕ್ಸ್’. ಸತ್ತ ವೀರ ಅಖಿಲೀಸ್‌ನ ಆಯುಧಗಳು ತನಗೆ ಸಿಗದ ಕೋಪಕ್ಕೆ ಅಜಾಕ್ಸ್ ಗ್ರೀಕ್ ನಾಯಕರನ್ನು ಕೊಲ್ಲಲು ಹೊರಡುತ್ತಾನೆ. ದೇವಿಯೊಬ್ಬಳು ಅವನ ಕಣ್ಣು ಕಟ್ಟುತ್ತಾಳೆ. ಅವರೇ ಎಂದು ದನಕುರಿಗಳನ್ನು ಕಡಿದುಹಾಕುತ್ತಾನೆ. ಬೆಳಗಾಗಿ ಬುದ್ಧಿ ತಿಳಿಯಾದಾಗ ಮಾನ ಹೋಗಿದೆ. ಕಡಲ ದಂಡೆಯ ನಿರ್ಜನದಲ್ಲಿ ಕತ್ತಿಯನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಬೀಳುತ್ತಾನೆ. ಪುರಾಣ ಚಿರಂಜೀವಿ ಎನ್ನುವ ಅಶ್ವತ್ಥಾಮನೂ ಶ್ರೀಯವರ ನಾಟಕದಲ್ಲಿ ಸಾಯುತ್ತಾನೆ. ಎಂಥ ಧೈರ್ಯ! ರುದ್ರನಾಟಕ ಏನು ಎಂಬ ಪ್ರಶ್ನೆಗೆ ಗೈಡಿನ ವ್ಯಾಖ್ಯೆಗಿಂತ ಈ ಎರಡು ಸಾವುಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಮೇಲು. ಆಮೇಲೆ ಲಂಕೇಶರ ‘ದೊರೆ ಈಡಿಪಸ್’, ‘ಅಂತಿಗೊನೆ’ ಇವೆ. ಹೀಗೆ ಅರ್ಧ ಪಠ್ಯ ಕನ್ನಡದಲ್ಲೇ ಕಾದು ಕೂತಿದೆ. ಅಲ್ಲಿಂದಲೇ ಹೊರಡು ಎಂದೆ.

ರೋಮನ್ನರಲ್ಲಿ ಸೆನೆಕಾ, ಹೊರೇಸ್ ಬಗ್ಗೆ ಗೈಡೇ ಸಾಕೆನಿಸಿತು. ಓವಿಡ್ ಮಾತ್ರ ಬಿಡಲಿಲ್ಲ. ಕ್ರಿ.ಶ. 8ರಲ್ಲಿ ಚಕ್ರವರ್ತಿ ಆಗಸ್ಟಸ್ ಅವನನ್ನು ಕಪ್ಪು ಸಮುದ್ರದ ತೋಮಿಸ್‌ಗೆ ಗಡೀಪಾರು ಮಾಡಿದ. ಪೇಟೆಯ ಕವಿ, ಭಾಷೆ ತಿಳಿಯದ ಜನರ ನಡುವೆ, ಊರಿಗೆ ಪದ್ಯದಲ್ಲಿ ಪತ್ರ ಬರೆಯುತ್ತ ಅಲ್ಲೇ ತೀರಿಹೋದ.

ಪರೀಕ್ಷೆಯಲ್ಲಿ ಯಾರೂ ಕೇಳದ ಒಂದು ಕೃತಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೆಯ ಕಸದ ರಾಶಿಗಳಲ್ಲಿ ಸಿಕ್ಕ ಪಪೈರಸ್, ಅಚ್ಚಾದದ್ದು 1903ರಲ್ಲಿ. ಕ್ರಿ.ಶ. ಎರಡನೆಯ ಶತಮಾನದ ಪ್ರತಿ. ಟಾಲೆಮಿಯ ಭೂಗೋಳದಲ್ಲಿ ನಮ್ಮ ಜಿಲ್ಲೆಯ ಬನವಾಸಿಯ ಹೆಸರು ಬರುವುದೂ ಅದೇ ಶತಮಾನದಲ್ಲಿ. ಪಪೈರಸ್ಸಿನಲ್ಲಿರುವುದೊಂದು ಗ್ರೀಕ್ ಪ್ರಹಸನ. ಚಾರಿಟಿಯನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ರಾಜನ ಕೈಯಲ್ಲಿ ಸೆರೆ. ಅವಳ ಕಡೆಯವರು ಹಡಗಿನಲ್ಲಿ ಬಂದು, ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಅವಳನ್ನು ಪಾರುಮಾಡುತ್ತಾರೆ. ಹೊರಡುವಾಗ ಅಲ್ಲಿನ ದೇವಿಯ ಗುಡಿಯ ಕಾಣಿಕೆಗಳನ್ನೂ ಹೊತ್ತೊಯ್ಯೋಣ ಎನ್ನುತ್ತಾನೆ ವಿದೂಷಕ, ಚಾರಿಟಿಯನ್ ಒಪ್ಪುವುದಿಲ್ಲ. ಯೂರಿಪಿಡೀಸ್‌ನ ‘ಇಫಿಜೆನಿಯ’ದ ಕತೆಯನ್ನೇ ನಗೆಗೆ ತಿರುಗಿಸಿದ ಆಟ. ಅದರಲ್ಲಿ ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ಹೇಳಿದ. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದರ ಬೆನ್ನುಹತ್ತಿದರು. ತುಳು ಎಂದವರೂ ಉಂಟು, ನಗಿಸಲು ಹೆಣೆದ ಅರ್ಥವಿಲ್ಲದ ಸದ್ದು ಎಂದವರೂ ಉಂಟು. ವಾದ ಮುಗಿದಿಲ್ಲ.

ಅವಳು ಗೈಡು ಮುಚ್ಚಿದಳು. “ನಮ್ಮ ಈ ದಂಡೆಗೇ ಬಂದಿದ್ರಾ?”

ಇದೇ ದಂಡೆ ಎನ್ನಲು ಆಧಾರವಿಲ್ಲ. ಕೆಲವರು ಉಡುಪಿ, ಮಲ್ಪೆಯ ಕಡೆಗೆ ಬೊಟ್ಟು ಮಾಡಿದ್ದಾರೆ. ನನ್ನ ಮನಸ್ಸನ್ನು ಹಿಡಿದದ್ದು ಬೇರೆ. ಆ ಪಪೈರಸ್ಸಿನಲ್ಲಿ ಮಾತಿನ ನಡುನಡುವೆ, ಎಲ್ಲಿ ವಾದ್ಯ ಬಾರಿಸಬೇಕು ಎಂಬ ಗುರುತುಗಳಿವೆ. ಅಂದರೆ ಅದು ಓದುವ ಪುಸ್ತಕವಲ್ಲ, ಮೇಳದವರ ಕೈಯಲ್ಲಿದ್ದ ಪ್ರತಿ. ಇಲ್ಲಿಂದ ಅಘನಾಶಿನಿ ದಾಟಿ ತೆಂಕಕ್ಕೆ ಹೋದರೆ ಹೊನ್ನಾವರ. ಅಲ್ಲಿನ ಗುಣವಂತೆಯಲ್ಲಿ 1934ರಿಂದ ಕೆರೆಮನೆಯ ಯಕ್ಷಗಾನ ಮೇಳ ಆಟ ಕಟ್ಟುತ್ತಿದೆ. ಆ ಗುರುತುಗಳನ್ನು ಒಬ್ಬ ಭಾಗವತರ ಮುಂದೆ, ಚಂಡೆ ಮದ್ದಳೆಯವರ ಮುಂದೆ ಇಟ್ಟು ‘ಇದಕ್ಕೆ ಯಾವ ತಾಳ?’ ಎಂದು ಕೇಳಬೇಕು. ಮೊದಲು ಅವಳ ಪರೀಕ್ಷೆ ಮುಗಿಯಲಿ. ಆಮೇಲೆ ಆ ಪ್ರಹಸನವನ್ನು ಇಂಗ್ಲಿಷ್ ಅನುವಾದ ಹಿಡಿದು ಕನ್ನಡಕ್ಕೆ ತರುವ ಕೆಲಸಕ್ಕೆ ಇಬ್ಬರೂ ಕೂರುತ್ತೇವೆ.