ಡಬ್ಬ ಮುಚ್ಚುವ ಮುನ್ನ

ಬಿಸಿಲಿಗೆ ಹರವಿದ ತೊಗರಿಬೇಳೆಯನ್ನು ಬಿಸಿ ಇರುವಾಗಲೇ ಡಬ್ಬಕ್ಕೆ ಸುರಿಯಬೇಡಿ. ಮುಚ್ಚಳದ ಒಳಗೆ ಬೆವರು ಕಟ್ಟುತ್ತದೆ, ಆ ತೇವಕ್ಕೇ ಬೂಷ್ಟು ಹಿಡಿಯುವುದು. ಪೂರ್ತಿ ಆರಲಿ. ಆಮೇಲೆ ಕೆ.ಜಿ.ಗೆ ಒಂದು ಚಮಚ ಹರಳೆಣ್ಣೆ ಸವರಿ, ಒಣಗಿದ ಡಬ್ಬದಲ್ಲಿ ಬಾಯಿಮಟ್ಟ ತುಂಬಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಅಕ್ಕಿಯ ಸೊಂಡಿಲುಹುಳ ಕಾಳನ್ನೇ ಕೊರೆದು ಒಳಗೆ ಮೊಟ್ಟೆಯಿಡುತ್ತದೆ, ಎಷ್ಟು ಜರಡಿ ಹಿಡಿದರೂ ಕಾಣದು. ಸ್ವಲ್ಪವೇ ಅಕ್ಕಿಯಾದರೆ ಗಾಳಿಯಾಡದಂತೆ ಕಟ್ಟಿ ನಾಲ್ಕು ದಿನ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಚಳಿ ಬಿಡುವ ತನಕ ಗಂಟು ಬಿಚ್ಚಬೇಡಿ.

ರಾಗಿಯ ಮಾತೇ ಬೇರೆ. ಎಂಥ ಗಟ್ಟಿ ಕಾಳು ಅದು! ನಮ್ಮ ಬಯಲುಸೀಮೆಯ ಹಗೇವುಗಳಲ್ಲಿ, ಅಂದರೆ ನೆಲದೊಳಗಿನ ಕಣಜಗಳಲ್ಲಿ, ವರ್ಷಗಟ್ಟಲೆ ಕೆಡದೆ ಇರುತ್ತಿತ್ತು, ಬರಗಾಲದಲ್ಲಿ ಊರನ್ನೇ ಕಾಯುತ್ತಿತ್ತು. ಹಿಟ್ಟಾದರೆ ಮಾತ್ರ ಆ ತಾಳಿಕೆ ಉಳಿಯುವುದಿಲ್ಲ. ಅದಕ್ಕೇ ಕಾಳಾಗಿಯೇ ಇಟ್ಟುಕೊಂಡು, ಬೇಕಾದಷ್ಟನ್ನೇ ಗಿರಣಿಗೆ ಒಯ್ಯಿರಿ.