ನಮ್ಮ ಹಾಸಿಗೆಯ ನುಸಿ

ತೆಂಗಿನ ತೋಟ ಇರುವವರ ಮನೆಯಲ್ಲಿ ‘ನುಸಿ’ ಎಂದರೆ ಎಲ್ಲರಿಗೂ ಗೊತ್ತು. ಎಳೆಯ ಕಾಯಿಯ ತೊಟ್ಟಿನ ಕೆಳಗೆ ಅಡಗಿ ರಸ ಹೀರುತ್ತದೆ, ಕಾಯಿಯ ಮೇಲೆ ಕಂದು ಕಲೆ ಬೀಳುತ್ತದೆ, ಕಾಯಿ ಸಣ್ಣದಾಗುತ್ತದೆ. ತೋಟಕ್ಕೆ ಆ ಪೀಡೆ ಬಂದು ವರ್ಷಗಳೇ ಆದರೂ ನನ್ನ ಅಜ್ಜಿ ಈಗಲೂ ಬೈಯುತ್ತಾರೆ. ಹಾಗಾಗಿ ತಂಗಿಯ ದಮ್ಮಿಗೆ ಕಾರಣ ‘ಡಸ್ಟ್ ಮೈಟ್, ಅಂದರೆ ಧೂಳಿನ ನುಸಿ’ ಎಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ತಿಳಿಸಿದಾಗ ಅಜ್ಜಿ ಕೇಳಿದ ಮೊದಲ ಪ್ರಶ್ನೆ, “ತೆಂಗಿನ ಮರದ್ದು ಮನೆಯೊಳಗೆ ಹೇಗೆ ಬಂತು?”

ನಗಬೇಕಾದ ಪ್ರಶ್ನೆಯಲ್ಲ ಅದು. ಎರಡೂ ದೂರದ ನೆಂಟರೇ. ಪ್ರಥಮ ಪಿಯುಸಿಯಲ್ಲಿ ನಾವು ಓದಿದ ಸಂಧಿಪದಿಗಳಲ್ಲಿ ಜೇಡ, ಚೇಳು, ಉಣ್ಣಿಗಳ ಬಳಗಕ್ಕೆ ಸೇರಿದವು. ಧೂಳಿನ ನುಸಿಗೆ ಎಂಟು ಕಾಲು (ತೆಂಗಿನದ್ದಕ್ಕೆ ಮಾತ್ರ ನಾಲ್ಕೇ). ಉದ್ದ ಸುಮಾರು 0.3 ಮಿಲಿಮೀಟರ್. ಬರಿಗಣ್ಣಿಗೆ ಕಾಣುವುದು ಬಹಳ ಕಷ್ಟ. ಅದರ ಶಾಸ್ತ್ರೀಯ ಹೆಸರು ಡರ್ಮಟೋಫಗಾಯ್ಡಿಸ್. ಚರ್ಮ ತಿನ್ನುವುದು ಎಂದು ಅರ್ಥ. ಹೆದರಬೇಡಿ, ನಮ್ಮ ಮೈಗೆ ಬಂದು ಕಚ್ಚುವುದಿಲ್ಲ. ತಿಗಣೆಯ ಹಾಗೆ ರಕ್ತ ಕುಡಿಯುವುದೂ ಇಲ್ಲ. ನಮ್ಮ ಮೈಯಿಂದ ದಿನವೂ ಉದುರುವ ಸತ್ತ ಚರ್ಮದ ಹೊಟ್ಟು ಅದರ ಊಟ. ಆ ಹೊಟ್ಟು ಹೆಚ್ಚು ಬೀಳುವುದು ನಾವು ರಾತ್ರಿಯಿಡೀ ಹೊರಳಾಡುವ ಹಾಸಿಗೆಯಲ್ಲಿ, ದಿಂಬಿನಲ್ಲಿ.

ನಮ್ಮ ಮನೆಯಲ್ಲಿ ಈ ವಿಷಯ ನೋವಾದದ್ದು ಬೇರೆ ಕಾರಣಕ್ಕೆ. ತಂಗಿಗೆ ಏಳನೇ ತರಗತಿ. ಮೂರು ವರ್ಷದಿಂದ ಮಳೆಗಾಲ ಬಂತೆಂದರೆ ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೂರುತ್ತಿದ್ದಳು. ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು. ಉಮ್ಮ ಅವಳ ಬೆನ್ನು ಸವರುತ್ತಾ ಸುಬಹಿ ಬಾಂಗಿನವರೆಗೂ ಕೂತಿರುತ್ತಿದ್ದರು. ನೋಡಲು ಬಂದವರು ಮಾತ್ರ ಒಂದೇ ಮಾತು ಹೇಳುತ್ತಿದ್ದರು: “ಮನೆ ಸ್ವಲ್ಪ ಕ್ಲೀನಾಗಿ ಇಟ್ಟುಕೊಳ್ಳಿ, ಧೂಳಿನಿಂದ ಬರುವುದು ಇದು.” ದಿನಕ್ಕೆ ಎರಡು ಸಲ ಗುಡಿಸಿ, ಒಂದು ಸಲ ನೆಲ ಒರೆಸುವ ಉಮ್ಮ ಆ ಮಾತು ಕೇಳಿದ ಮೇಲೆ ಮೂರು ಸಲ ಗುಡಿಸತೊಡಗಿದರು. ಧೂಳೆದ್ದು ತಂಗಿಗೆ ಇನ್ನಷ್ಟು ಕೆಮ್ಮು.

ಕಳೆದ ವರ್ಷ ಅವಳಿಗೆ ಅಲರ್ಜಿ ಪರೀಕ್ಷೆ ಮಾಡಿದರು. ನಾನೂ ಜೊತೆಗೆ ಹೋಗಿದ್ದೆ. ಮುಂಗೈಯ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಪ್ರತಿ ಗುರುತಿನ ಪಕ್ಕ ಒಂದೊಂದು ಹನಿ ದ್ರಾವಣ ಇಟ್ಟರು. ಜಿರಳೆಯದೊಂದು, ಬೆಕ್ಕಿನದೊಂದು, ಹೂವಿನ ಪರಾಗ, ಬೂಷ್ಟು, ಎರಡು ಜಾತಿಯ ಧೂಳಿನ ನುಸಿ. ಹನಿಯ ಮೇಲೆ ಸೂಜಿಯಿಂದ ಸ್ವಲ್ಪವೇ ಚುಚ್ಚಿದರು. ಎರಡು ಹನಿ ಬೇರೆ ಇದ್ದವು: ಒಂದು ಬರೀ ಉಪ್ಪುನೀರು, ಅದಕ್ಕೆ ಏನೂ ಆಗಬಾರದು. ಇನ್ನೊಂದು ಹಿಸ್ಟಮಿನ್, ಅದಕ್ಕೆ ಊದಲೇಬೇಕು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ನಾವೆಲ್ಲ ಕಣ್ಣುಮುಚ್ಚಿ ಬರೆಯುವ ‘ಕಂಟ್ರೋಲ್’ ಎಂಬ ಪದ ನನಗೆ ಅರ್ಥವಾದದ್ದು ಅಂದು, ತಂಗಿಯ ಕೈಯ ಮೇಲೆ. ಹದಿನೈದು ನಿಮಿಷದಲ್ಲಿ ನುಸಿಯ ಎರಡೂ ಜಾಗ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿ ಬಂದವು. ಬೆಕ್ಕಿಗೆ ಏನೂ ಇಲ್ಲ. ಎರಡು ವರ್ಷದ ಹಿಂದೆ ಮನೆಯಿಂದ ಹೊರಹಾಕಿದ ಬೆಕ್ಕಿನ ನೆನಪಾಗಿ ತಂಗಿ ಅಲ್ಲೇ ಅಳತೊಡಗಿದಳು.

ಡಾಕ್ಟರು ಉಮ್ಮನಿಗೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. “ಅಮ್ಮಾ, ಇದು ಕೊಳಕು ಮನೆಯ ಕಾಯಿಲೆಯಲ್ಲ. ಗಾಳಿಯಲ್ಲಿ ತೇವ ಇರುವ ಊರಿನಲ್ಲಿ ಎಲ್ಲರ ಹಾಸಿಗೆಯಲ್ಲೂ ಈ ನುಸಿ ಇದೆ. ನನ್ನ ಹಾಸಿಗೆಯಲ್ಲೂ ಇದೆ.” ಉಮ್ಮ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾತ್ರ, “ಅವರ ಹಾಸಿಗೆಯಲ್ಲೂ ಇದೆಯಂತೆ” ಎಂದು ಎರಡು ಸಲ ಹೇಳಿದರು.

ತೇವದ ಮಾತು ಬಹಳ ಮುಖ್ಯ. ಈ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಗಾಳಿ ಒಣಗಿದರೆ ಅದೂ ಒಣಗಿ ಸಾಯುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಳೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೂರುಗದ ಹತ್ತಿಯ ಹಾಸಿಗೆ ಒಣಗುವುದೆಲ್ಲಿಂದ? ಅದಕ್ಕೆ ಇದಕ್ಕಿಂತ ಒಳ್ಳೆಯ ಊರು ಸಿಗಲಾರದು.

ಇನ್ನೊಂದು ವಿಚಿತ್ರ. ಉಬ್ಬಸ ತರುವುದು ಹೆಚ್ಚಾಗಿ ನುಸಿಯ ಹಿಕ್ಕೆ. ಅದು ತಿಂದದ್ದನ್ನು ಕರಗಿಸಲು ಬಳಸುವ ಕಿಣ್ವ ಹಿಕ್ಕೆಯಲ್ಲಿ ಉಳಿದಿರುತ್ತದೆ. ಹಾಸಿಗೆ ಕೊಡವಿದಾಗ ಅದು ಹಾರಿ ಮೂಗು, ಶ್ವಾಸನಾಳ ಸೇರುತ್ತದೆ. ಕೆಲವರ ದೇಹ ಆ ಪ್ರೋಟೀನನ್ನು ಶತ್ರು ಎಂದು ತಿಳಿದು ಯುದ್ಧಕ್ಕೆ ನಿಲ್ಲುತ್ತದೆ. ಶ್ವಾಸನಾಳ ಊದಿ ಕಿರಿದಾಗುತ್ತದೆ. ಮನೆಯ ಧೂಳಿನಿಂದ ಉಬ್ಬಸ ಬರುತ್ತದೆ ಎಂದು ಜನರಿಗೆ ಮೊದಲಿನಿಂದ ಗೊತ್ತಿತ್ತು. ಆದರೆ ಧೂಳಿನೊಳಗಿನ ಅಪರಾಧಿ ಈ ನುಸಿ ಎಂದು 1964ರಲ್ಲಿ ತೋರಿಸಿಕೊಟ್ಟವರು ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿದ್ದ ವೋರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಅವರ ಸಂಗಡಿಗರು. ಅದೂ ತೇವದ ದೇಶವೇ.

ಇದನ್ನೆಲ್ಲ ಓದುತ್ತಾ ಹೋದಾಗ ನನ್ನ ಮುಖದ ಮೇಲೂ ಒಂದು ನುಸಿ ಇರಬಹುದೆಂದು ಗೊತ್ತಾಯಿತು. ಡೆಮೊಡೆಕ್ಸ್ ಅದರ ಹೆಸರು. ರೆಪ್ಪೆ, ಮೂಗು, ಕೆನ್ನೆಯ ಕೂದಲಿನ ಬುಡದಲ್ಲಿ ತಲೆಕೆಳಗಾಗಿ ಇರುತ್ತದೆ, ರಾತ್ರಿ ಹೊರಬಂದು ಗಂಟೆಗೆ ಒಂದು ಸೆಂಟಿಮೀಟರಿನಷ್ಟು ನಡೆಯುತ್ತದೆ. 2014ರಲ್ಲಿ ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ, 18 ದಾಟಿದವರಲ್ಲಿ ಪರೀಕ್ಷಿಸಿದ ಪ್ರತಿಯೊಬ್ಬರ ಮುಖದಲ್ಲೂ ಅದರ ಗುರುತು ಸಿಕ್ಕಿತು. ಬಹುತೇಕ ಜನರಿಗೆ ಅದರಿಂದ ಏನೂ ತೊಂದರೆಯಿಲ್ಲ. ಈ ಸಾಲು ಓದಿ ಮುಖ ತೊಳೆಯಲು ಓಡುವ ಗೆಳೆಯರಿಗೆ: ತೊಳೆದರೆ ಹೋಗುವುದಿಲ್ಲ.

ನಿಜವಾಗಿ ತೊಂದರೆ ಕೊಡುವುದು ಕಜ್ಜಿಯ ನುಸಿ. ಅದು ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಡುತ್ತದೆ. ಕಜ್ಜಿಗೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗೂ ಇರುವ ನಂಟಿನ ಬಗ್ಗೆ ಹನ್ನೆರಡನೇ ಶತಮಾನದ ಸೆವಿಲ್ಲೆಯ ವೈದ್ಯ ಇಬ್ನ್ ಝುಹ್ರ್ ಬರೆದಿದ್ದಾರೆ. ಸೂಕ್ಷ್ಮದರ್ಶಕ ಬರುವುದಕ್ಕೆ ಎಷ್ಟೋ ಮೊದಲು! ಹಾಸ್ಟೆಲಿನಲ್ಲಿ ಇರುವವರು ಇದನ್ನು ನಾಚಿಕೆಯಿಂದ ಮುಚ್ಚಿಡಬಾರದು. ಒಬ್ಬರಿಗೆ ಬಂದರೆ ಕೋಣೆಯವರೆಲ್ಲ ಒಂದೇ ದಿನ ಮುಲಾಮು ಹಚ್ಚಿಕೊಳ್ಳಬೇಕು, ಇಲ್ಲವಾದರೆ ಅದು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಮನೆಯಲ್ಲಿ ನಾವು ಮಾಡಿದ್ದು ದೊಡ್ಡದೇನಲ್ಲ. ತಂಗಿಯ ಹಾಸಿಗೆ, ದಿಂಬಿಗೆ ಒತ್ತಾದ ನೇಯ್ಗೆಯ ಜಿಪ್ ಕವರ್ ಹಾಕಿದೆವು. ವಾರಕ್ಕೊಮ್ಮೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ನೆನೆಸುತ್ತೇವೆ. ನುಸಿ ಸಾಯಲು 55ರಿಂದ 60 ಡಿಗ್ರಿ ಸೆಲ್ಸಿಯಸ್ ಬೇಕು. ನಮ್ಮ ಬಚ್ಚಲಿನ ಹಂಡೆಯ ನೀರು ಅಷ್ಟು ಬಿಸಿ ಇರುತ್ತದೆಯೇ ಎಂದು ಮನೆಯಲ್ಲಿ ವಾದವಾಯಿತು. ಉಪನ್ಯಾಸಕರನ್ನು ಕೇಳಿ ಲ್ಯಾಬಿನ ಥರ್ಮಾಮೀಟರ್ ತಂದು ನೋಡಿದೆ. 64! ತೆಂಗಿನ ಸಿಪ್ಪೆಯ ಬೆಂಕಿಯನ್ನು ಹೊಗಳಿ ಅಜ್ಜಿ ಆ ದಿನವಿಡೀ ಮಾತಾಡಿದರು. ಬಿಸಿಲು ಬಂದ ದಿನ ಹಾಸಿಗೆ ಅಂಗಳಕ್ಕೆ ಬರುತ್ತದೆ. ಬಿಸಿಲಿಗೆ ನುಸಿ ಸಾಯುತ್ತದೆ, ಆದರೆ ಹಿಕ್ಕೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಅದನ್ನು ಕೊಡವಬೇಕು, ಕೊಡವುವಾಗ ತಂಗಿ ಹತ್ತಿರ ಇರಬಾರದು. ಹಳೆಯ ದಿಂಬಿನ ಅರ್ಧ ತೂಕ ನುಸಿಯದ್ದೇ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಅದಕ್ಕೆ ಆಧಾರವಿಲ್ಲ, ಹಂಚಬೇಡಿ.

ಆದರೆ ಬರೀ ಹಾಸಿಗೆ ತೊಳೆದು ಉಬ್ಬಸ ಹತೋಟಿಗೆ ಬರುವುದಿಲ್ಲ. ತಂಗಿಗೆ ನಿಜವಾಗಿ ಗುಣ ಕೊಟ್ಟದ್ದು ದಿನಾಲೂ ಎರಡು ಸಲ ತೆಗೆದುಕೊಳ್ಳುವ ಇನ್‌ಹೇಲರ್. ಅದಕ್ಕೇ ಮನೆಯಲ್ಲಿ ದೊಡ್ಡ ಜಗಳ. “ಪಂಪ್ ಒಮ್ಮೆ ಶುರು ಮಾಡಿದರೆ ಬಿಡಲಿಕ್ಕಾಗುವುದಿಲ್ಲ”, “ಹೆಣ್ಣುಮಗು, ನಾಳೆ ಸಂಬಂಧ ನೋಡುವಾಗ ಏನು ಹೇಳುತ್ತೀರಿ?” ಎಂದವರು ಒಬ್ಬಿಬ್ಬರಲ್ಲ. ಹನ್ನೆರಡು ವರ್ಷದ ಹುಡುಗಿ ಉಸಿರಿಗೆ ಒದ್ದಾಡುವಾಗ ಅವಳ ಮದುವೆಯ ಮಾತು! ಇನ್‌ಹೇಲರ್ ಚಟವಲ್ಲ. ಅದರ ಔಷಧಿ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಮೈಕ್ರೋಗ್ರಾಂ ಲೆಕ್ಕದಲ್ಲಿ ಸಾಕಾಗುತ್ತದೆ, ಮಾತ್ರೆಯಾದರೆ ಮಿಲಿಗ್ರಾಂ ಬೇಕು. ಬಾಪ ಈ ಲೆಕ್ಕ ಕೇಳಿದ ಮೇಲೆ ಸಂಜೆ ಅಂಗಡಿಯಿಂದ ಬರುವಾಗ ತಾವೇ ಸ್ಪೇಸರ್ ತಂದರು.

ಈ ಮಳೆಗಾಲದಲ್ಲಿ ಅವಳಿಗೆ ರಾತ್ರಿ ದಮ್ಮು ಬಂದದ್ದು ಎರಡೇ ಸಲ. ಎರಡನೆಯದು ನೆಂಟರ ಮದುವೆಮನೆಯಲ್ಲಿ, ಅಟ್ಟದಿಂದ ಇಳಿಸಿದ ಹಾಸಿಗೆಯಲ್ಲಿ ಮಲಗಿದಾಗ. ಕೋಣೆ ತುಂಬ ಜನ. ಅವಳು ಎದ್ದು ಕೂತು, ಬ್ಯಾಗಿನಿಂದ ನೀಲಿ ಇನ್‌ಹೇಲರ್ ತೆಗೆದು ಎಲ್ಲರ ಎದುರೇ ಉಸಿರೆಳೆದುಕೊಂಡಳು. ಯಾರೂ ಏನೂ ಅನ್ನಲಿಲ್ಲ. ಬೆಳಿಗ್ಗೆ ದೂರದ ಸಂಬಂಧಿಯೊಬ್ಬರು ಉಮ್ಮನನ್ನು ಅಡುಗೆಮನೆಯ ಹಿಂದೆ ಕರೆದುಕೊಂಡು ಹೋಗಿ, ಅದರ ಹೆಸರೇನು, ಬೆಲೆ ಎಷ್ಟು, ಯಾವ ಡಾಕ್ಟರು ಎಂದು ಮೆಲ್ಲಗೆ ಕೇಳಿದರು. ಅವರ ಮಗನಿಗೂ ನಾಲ್ಕು ವರ್ಷದಿಂದ ಇದೆಯಂತೆ. ಯಾರಿಗೂ ಹೇಳಿಲ್ಲವಂತೆ.